ಹೊಲಿಗೆಯೇ ಇಲ್ಲದ ಕೌದಿ

ಕೌದಿ ಅಂದ್ರೆ ಹೊಲಿಗೆ. ಉತ್ತರ ಕರ್ನಾಟಕದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಳೇ ಸೀರೆ, ಹರಿದ ಧೋತರ, ಅಂಗಿಯ ಬೆನ್ನು, ಲಂಗದ ಅಂಚು ಎಲ್ಲವನ್ನೂ ಪದರ ಪದರವಾಗಿ ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿಗೆ ಓಡಿಸಿದರೆ ಅದು ಕೌದಿ. ಹೊಲಿಗೆ ಬಿಚ್ಚಿದರೆ ಉಳಿಯೋದು ಚಿಂದಿ ರಾಶಿ ಅಷ್ಟೇ. ಇಂಗ್ಲಿಷಿನ ಕ್ವಿಲ್ಟ್ ಅನ್ನೋ ಪದದ ಕಥೆಯೂ ಹಾಗೇ. ಹಾಸಿಗೆ ಅನ್ನುವ ಅರ್ಥದ ಒಂದು ಲ್ಯಾಟಿನ್ ಪದದಿಂದ ಹುಟ್ಟಿದ್ದು, ಈಗ ಹೊದಿಕೆಯ ಹೆಸರೂ ಅದೇ, ಪದರಗಳನ್ನ ಕೂಡಿಸಿ ಹೊಲಿಯೋ ಕೆಲಸದ ಹೆಸರೂ ಅದೇ.

ಹೀಗಿರುವಾಗ ನಾನು ಇತ್ತೀಚೆಗೆ ಹೊಲಿದು ಮುಗಿಸಿದ ಕ್ವಿಲ್ಟಿನ ನಡುಭಾಗದಲ್ಲಿ ಒಂದೇ ಒಂದು ಹೊಲಿಗೆ ಇಲ್ಲ! ಸುತ್ತ ಅಂಚಿಗೆ ಮಾತ್ರ ಇದೆ. ಇಲ್ಲಿ ನಾರ್ತ್ ಕ್ಯಾರೊಲಿನಾದ ಬೆಟ್ಟಗಳಲ್ಲಿ ಹ್ಯಾಮಕ್ ಕಟ್ಟಿ ಮಲಗುವಾಗ ಹೊದ್ದುಕೊಳ್ಳೋದಕ್ಕೆ ಅಂತ ಹೊಲಿದದ್ದು. ಹೊರಗೆ ನೈಲಾನ್, ಒಳಗೆ ಪಾಲಿಯೆಸ್ಟರ್. ಅದನ್ನ ನೋಡಿದ ಪರಿಚಯದವರೊಬ್ಬರು "ಇದು ಕೌದಿ ಹೆಂಗಾಗ್ತದ, ದೊಡ್ಡ ದಿಂಬಿನ ಚೀಲ ಅನ್ರಿ" ಅಂದರು. ಅವರ ಮಾತಿನಲ್ಲಿ ಸತ್ಯ ಇದೆ. ಆದರೆ ಆ ನಡುವಿನ ಹೊಲಿಗೆ ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಹುಡುಕಿಕೊಂಡು ಹೊರಟರೆ ದಾರಿಯಲ್ಲಿ ಕೊಲಂಬಸ್, ಬಾತುಕೋಳಿ, ಅಮೆರಿಕದ ಸೈನ್ಯ, ಟೆರಿಲಿನ್ ಬಟ್ಟೆ, 67 ವರ್ಷದ ಒಬ್ಬ ಅಜ್ಜಿ ಎಲ್ಲರೂ ಸಿಗ್ತಾರೆ. ಆ ಕಥೆಯನ್ನೇ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ :-)

ಮೊದಲು ಹ್ಯಾಮಕ್. ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ. ನಮ್ಮಲ್ಲಿ ಕೂಸಿಗೆ ಸೀರೆಯಲ್ಲಿ ಕಟ್ಟುವ ಜೋಲಿಯನ್ನ ದೊಡ್ಡವರ ಅಳತೆಗೆ ಎಳೆದ ಹಾಗೆ. 1492ರಲ್ಲಿ ಕೊಲಂಬಸ್ ಬಹಾಮಾ ದ್ವೀಪಗಳಲ್ಲಿ ಇಳಿದಾಗ ಅಲ್ಲಿನ ಜನ ಹತ್ತಿಯ ಬಲೆಯಂಥ ಹಾಸಿಗೆಗಳಲ್ಲಿ ಮಲಗೋದನ್ನ ಕಂಡು ತನ್ನ ದಿನಚರಿಯಲ್ಲಿ ಬರೆದುಕೊಂಡ. ಹಮಾಕಾ ಅನ್ನೋದು ಆ ಟೈನೋ ಜನರ ಮಾತು. ಸ್ಪ್ಯಾನಿಷ್ ಅದನ್ನ ಹಾಗೇ ತೆಗೆದುಕೊಂಡಿತು, ಇಂಗ್ಲಿಷ್ ಸ್ವಲ್ಪ ತಿರುಚಿತು. ಡಚ್ಚರಂತೂ ತಮಗೆ ಅರ್ಥವಾಗುವ ಹಾಗೆ ಹ್ಯಾಂಗ್‌ಮಾಟ್, ಅಂದರೆ ತೂಗುಚಾಪೆ ಅಂತ ಮಾಡಿಕೊಂಡುಬಿಟ್ಟರು. ಕೊಟ್ಟವರ ಗತಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಕೆಲವೇ ದಶಕಗಳಲ್ಲಿ ರೋಗ, ಜೀತ, ಕತ್ತಿ ಮೂರೂ ಸೇರಿ ಟೈನೋ ಸಮಾಜವನ್ನ ಹೆಚ್ಚುಕಡಿಮೆ ಅಳಿಸಿಹಾಕಿದವು. ಹಾಸಿಗೆ ಮಾತ್ರ ಹಡಗು ಹತ್ತಿತು. 1597ರಲ್ಲಿ ಇಂಗ್ಲೆಂಡಿನ ನೌಕಾದಳ ಅದನ್ನ ಅಧಿಕೃತವಾಗಿ ಒಪ್ಪಿಕೊಂಡಿತು. ಆಮೇಲೆ ನೆಲ್ಸನ್ ಕಾಲದ ಯುದ್ಧನೌಕೆಗಳಲ್ಲಿ ಒಬ್ಬ ನಾವಿಕನಿಗೆ ಹ್ಯಾಮಕ್ ಕಟ್ಟಲು ಸಿಗುತ್ತಿದ್ದ ಜಾಗ 14 ಇಂಚು ಅಗಲ. ಹದಿನಾಲ್ಕೇ ಇಂಚು! ಪಕ್ಕದವ ಪಹರೆಗೆ ಹೋದಾಗ ಮಾತ್ರ ಉಸಿರಾಡಬಹುದು.

ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ವಿಷಯ ಇದೆ. ಆ ನಾವಿಕರ ಹ್ಯಾಮಕ್ಕಿನ ಒಳಗೆ ಒಂದು ತೆಳು ಹಾಸಿಗೆಯೂ ಇರ್ತಿತ್ತು. ಯಾಕೆ? ಬಟ್ಟೆಯೇ ಮೆತ್ತಗಿರುವಾಗ ಹಾಸಿಗೆ ಯಾಕೆ ಬೇಕು? ಉತ್ತರ ಚಳಿ. ನೆಲದ ಮೇಲೆ ಮಲಗಿದವನಿಗೆ ಕೆಳಗೆ ಭೂಮಿಯಾದರೂ ಇದೆ. ತೂಗಾಡುವವನ ಕೆಳಗೆ ಓಡಾಡುವ ಗಾಳಿ ಮಾತ್ರ. ಹ್ಯಾಮಕ್ ಹುಟ್ಟಿದ್ದು ಬಿಸಿ ಸೀಮೆಯಲ್ಲಿ, ಅಲ್ಲಿ ಕೆಳಗಿನಿಂದ ಗಾಳಿ ಆಡೋದೇ ಅದರ ಸುಖ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಕೂಡ ರಾತ್ರಿ ಹ್ಯಾಮಕ್ಕಿನ ಪಕ್ಕದಲ್ಲೇ ಬೆಂಕಿ ಉಳಿಸಿಕೊಳ್ಳುತ್ತಾರೆ. ಅಂಥದ್ದನ್ನ ಅಪಲೇಚಿಯನ್ ಬೆಟ್ಟದ ಅಕ್ಟೋಬರ್ ರಾತ್ರಿಗೆ ತಂದು ಕಟ್ಟಿದರೆ ಬೆನ್ನು, ಸೊಂಟದ ಕೆಳಗೆಲ್ಲ ಹಿಮಗಡ್ಡೆ. ಮೇಲೆ ಎಷ್ಟು ಹೊದ್ದರೂ ಅಷ್ಟೇ.

ಬೆಚ್ಚಗಿಡೋದು ಬಟ್ಟೆಯಲ್ಲ, ಬಟ್ಟೆಯೊಳಗೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿ. ಸ್ಲೀಪಿಂಗ್ ಬ್ಯಾಗಿನ ಒಳಗೆ ಮಲಗಿದರೆ ನಮ್ಮ ಭಾರಕ್ಕೆ ಕೆಳಗಿನ ಪದರ ಅಪ್ಪಚ್ಚಿಯಾಗಿ ಗಾಳಿಯೆಲ್ಲ ಹೊರಗೆ ಹೋಗುತ್ತೆ. ಅಂದಮೇಲೆ ಬ್ಯಾಗಿನ ಆ ಕೆಳಭಾಗ ಹೊತ್ತದ್ದು ದಂಡ. ಆದ್ದರಿಂದ ಹ್ಯಾಮಕ್ಕಿನವರ ಪದ್ಧತಿ ಬೇರೆ. ಮೇಲೊಂದು ಕ್ವಿಲ್ಟ್. ಕೆಳಗೆ ಒಂದು ಫೋಮ್ ಹಾಳೆ, ಇಲ್ಲವೇ ಹ್ಯಾಮಕ್ಕಿನ ಹೊರಗಡೆ, ನಮ್ಮ ಭಾರ ಬೀಳದ ಹಾಗೆ ತೂಗುಬಿಟ್ಟ ಇನ್ನೊಂದು ಕ್ವಿಲ್ಟ್. ಜೋಲಿಗೇ ಒಂದು ಜೋಲಿ ಅನ್ನಿ.

ಈಗ ಹೊಲಿಗೆಯ ವಿಷಯಕ್ಕೆ ಬರ್ತೀನಿ. ಎರಡು ಬಟ್ಟೆಗಳ ನಡುವೆ ಬೆಚ್ಚನೆಯದ್ದು ಏನಾದರೂ ತುಂಬಿದರೆ (ಇದನ್ನ ಒಳತುಂಬು ಅಂತ ಕರೀತೀನಿ, ಅಡ್ಡಿಯಿಲ್ಲ ಅಲ್ವಾ?) ಅದು ಇದ್ದಲ್ಲಿ ಇರಲ್ಲ. ಹತ್ತಿ ತುಂಬಿದ ಹಾಸಿಗೆಯಲ್ಲಿ ವರ್ಷ ಕಳೆದ ಮೇಲೆ ಗಂಟುಗಂಟಾಗಿ, ಒಂದು ಕಡೆ ಗುಡ್ಡ ಒಂದು ಕಡೆ ಹೊಂಡ ಆಗೋದನ್ನ ನಾವೆಲ್ಲ ಕಂಡವರೇ. ಅದನ್ನ ತಡೆಯೋದಕ್ಕೆ ಇರೋದೇ ಕ್ವಿಲ್ಟಿಂಗ್. ಅಮೆರಿಕದ ಹಳ್ಳಿ ಹೆಂಗಸರು ಹತ್ತಿ ತುಂಬಿದ ಕ್ವಿಲ್ಟುಗಳಿಗೆ ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕ್ತಿದ್ದದ್ದು ಬರೀ ಅಂದಕ್ಕಲ್ಲ. ಹಾಕದಿದ್ದರೆ ಮೊದಲ ಒಗೆತಕ್ಕೇ ಹತ್ತಿಯೆಲ್ಲ ಮೂಲೆ ಸೇರುತ್ತೆ. ಸಿನ್ಸಿನಾಟಿಯ ಸ್ಟರ್ನ್ಸ್ ಅಂಡ್ ಫಾಸ್ಟರ್ ಕಂಪನಿ 1846ರಿಂದ ಇದ್ದದ್ದು, ಅವರ ಮೌಂಟನ್ ಮಿಸ್ಟ್ ಅನ್ನೋ ಹತ್ತಿ ಹಾಳೆಯ ಸುರುಳಿಗೆ ಸುತ್ತಿದ ಕಾಗದದ ಮೇಲೇ ಕ್ವಿಲ್ಟಿನ ನಕ್ಷೆ ಅಚ್ಚಾಗಿರ್ತಿತ್ತು. ಪುರುಸೊತ್ತು ಇಲ್ಲದ ಮನೆಗಳಲ್ಲಿ ಸಾಲು ಹೊಲಿಗೆಯ ಬದಲು ಅಲ್ಲಲ್ಲಿ ಉಣ್ಣೆ ದಾರ ತೂರಿಸಿ ಗಂಟು ಹಾಕಿ ಮುಗಿಸೋ ಪದ್ಧತಿಯೂ ಇತ್ತು. ಗಂಟೋ ಸಾಲೋ, ಕೆಲಸ ಒಂದೇ: ಒಳಗಿನದನ್ನ ಅಲುಗದ ಹಾಗೆ ಹಿಡಿಯೋದು.

ನಮ್ಮ ಕೌದಿಯಲ್ಲಿ ಒಳತುಂಬು ಬೇರೆ ಇಲ್ಲ, ಪದರಗಳೇ ಒಳತುಂಬು. ಹೊಲಿಗೆಯೇ ಅದರ ಎಲುಬು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನ ನೋಡಿದ್ದೀರಾ? ಆಫ್ರಿಕಾ ಮೂಲದ ಸಿದ್ದಿಗಳು ನಮ್ಮ ಉತ್ತರ ಕನ್ನಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರು. ಅವರ ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನಗಳನ್ನ ಇಟ್ಟು ಹೊಲೀತಾರೆ. ಅದಕ್ಕೆ ಫೂಲ, ಅಂದರೆ ಹೂವು ಅನ್ನೋ ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಈ ಕೌದಿಗಳು ಈಗ ಅಮೆರಿಕದ ಮ್ಯೂಸಿಯಂ ಗೋಡೆಗಳಿಗೂ ಬಂದಿವೆ. ಇಲ್ಲಿ ಅಲಬಾಮಾದ ಜೀಸ್ ಬೆಂಡ್ ಅನ್ನೋ ಊರಿನ ಕಪ್ಪು ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳೂ ಮ್ಯೂಸಿಯಂ ಸೇರಿವೆ. ಎರಡೂ ಊರಿನಲ್ಲಿ ಹೊಲಿದದ್ದು ಮೊದಲು ಚಳಿಗೆ. ಕಲೆ ಅನ್ನೋ ಪದವಿ ಬಹಳ ತಡವಾಗಿ, ಹೊರಗಿನಿಂದ ಬಂದದ್ದು.

ಆದರೆ ಕೌದಿಯನ್ನ ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತೋಕಾಗಲ್ಲ. ನನ್ನ ಅಜ್ಜಿ ಧಾರವಾಡದ ಮನೆಯಲ್ಲಿ ಹೊಲಿದ ಕೌದಿ ಹೊದ್ದರೆ ಮೇಲೆ ಯಾರೋ ಕೂತ ಹಾಗಿರ್ತಿತ್ತು. ಅದರ ಭಾರವೇ ಅದರ ಬಿಸಿ. ಅಮೆರಿಕದ ಬೆಟ್ಟ ಹತ್ತುವವರಿಗೆ ಬೇಕಾಗಿದ್ದದ್ದು ಹಗುರ. ಅದಕ್ಕೆ ಅವರು ಹೋದದ್ದು ಹಕ್ಕಿಯ ಹತ್ತಿರ. ಬಾತು, ಹೆಬ್ಬಾತುಗಳ ಎದೆಯ ಗರಿಯ ಅಡಿಯಲ್ಲಿರೋ ಮೆತ್ತನೆಯ ತುಪ್ಪಳಕ್ಕೆ ಡೌನ್ ಅಂತಾರೆ. ಭಾರ ಇಲ್ಲವೇ ಇಲ್ಲ ಅನ್ನಿಸುವಷ್ಟು ಹಗುರ, ಅಷ್ಟೇ ಬೆಚ್ಚಗೆ. ಸಿಯಾಟಲ್ಲಿನ ಎಡ್ಡಿ ಬಾಯರ್ 1940ರಲ್ಲಿ ಡೌನ್ ತುಂಬಿದ ಜಾಕೆಟ್ಟಿಗೆ ಪೇಟೆಂಟ್ ಪಡೆದ. ಒಂದು ಚಳಿಗಾಲದ ಮೀನು ಬೇಟೆಯಲ್ಲಿ ಒದ್ದೆಯಾಗಿ ಚಳಿಗೆ ಸಾಯುವ ಹಂತಕ್ಕೆ ಹೋಗಿ ಬಂದದ್ದು ಅದಕ್ಕೆ ಕಾರಣ ಅಂತ ಅವನೇ ಹೇಳಿಕೊಂಡಿದ್ದಾನೆ.

ಈ ಡೌನ್ ಅನ್ನೋದು ಹತ್ತಿಗಿಂತ ತುಂಟ. ಅದಕ್ಕೆ ಒಂದಕ್ಕೊಂದು ಅಂಟಿಕೊಳ್ಳೋ ಗುಣವೇ ಇಲ್ಲ, ದೊಡ್ಡ ಚೀಲದಲ್ಲಿ ತುಂಬಿದರೆ ಎಲ್ಲ ತಳಕ್ಕೆ ಜಾರುತ್ತೆ. ಹಾಗಾಗಿ ಹೊಲಿಗೆ ಹಾಕಿ ಗೂಡುಗಳನ್ನ ಮಾಡಲೇಬೇಕು. ಆದರೆ ಹೊಲಿಗೆ ಹಾಕಿದಲ್ಲಿ ಏನಾಗುತ್ತೆ? ಮೇಲಿನ ಬಟ್ಟೆ ಕೆಳಗಿನ ಬಟ್ಟೆಗೆ ಹೋಗಿ ತಾಗುತ್ತೆ. ಅಲ್ಲಿ ದಪ್ಪ ಸೊನ್ನೆ, ಗಾಳಿ ಸೊನ್ನೆ, ಬಿಸಿ ಸೊನ್ನೆ. ರಾತ್ರಿ ಚಳಿ ಆ ಗೆರೆಗಳಲ್ಲೇ ಒಳಗೆ ಬರೋದು. ಇದನ್ನ ತಪ್ಪಿಸೋದಕ್ಕೆ ಒಳ್ಳೆಯ ಸ್ಲೀಪಿಂಗ್ ಬ್ಯಾಗುಗಳಲ್ಲಿ ಮೇಲಿನ ಬಟ್ಟೆಗೂ ಕೆಳಗಿನದಕ್ಕೂ ನಡುವೆ ಜಾಲರಿಯ ಸಣ್ಣ ಗೋಡೆಗಳನ್ನ ನಿಲ್ಲಿಸಿ ಹೊಲೀತಾರೆ. ಪ್ರತಿ ಗೋಡೆಗೂ ಎರಡು ಸಾಲು ಹೊಲಿಗೆ, ಪ್ರತಿ ಗೂಡಿಗೂ ತೂಗಿ ಹಾಕಿದ ಡೌನ್. ಅಂದರೆ ಹೊಲಿಗೆ ಬೇಕೇ ಬೇಕು, ಹೊಲಿಗೆಯೇ ಶತ್ರು. ಈ ಜಗಳ ಬಗೆಹರಿಸಿಕೊಳ್ಳೋದೇ ಮುಂದಿನ ನಲವತ್ತು ವರ್ಷದ ಕಥೆ.

ಡೌನಿಗೆ ಇನ್ನೂ ಎರಡು ತೊಂದರೆ. ಒಂದು, ಒದ್ದೆಯಾದರೆ ಮುದ್ದೆ. ಎರಡು, ಅದು ಬರೋದು ಎಲ್ಲಿಂದ? ಬಹುಪಾಲು ಚೀನಾದಿಂದ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಸ್ಲೀಪಿಂಗ್ ಬ್ಯಾಗಿಗೆ ಪುಕ್ಕ ಸಾಲದೆ ಪರದಾಡಿದ್ದ ಅಮೆರಿಕ, ಕೊರಿಯಾ ಯುದ್ಧದ ಹೊತ್ತಿಗೆ, 1950ರ ಡಿಸೆಂಬರಿನಲ್ಲಿ, ಚೀನಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ಶೀತಲ ಸಮರದ ವರ್ಷಗಳಲ್ಲಿ ಅಮೆರಿಕ ಸರ್ಕಾರ ತವರ, ರಬ್ಬರ್, ಮ್ಯಾಂಗನೀಸ್ ಇವುಗಳ ಸಾಲಿನಲ್ಲೇ ನೀರುಹಕ್ಕಿಗಳ ಪುಕ್ಕವನ್ನೂ ಯುದ್ಧಕಾಲಕ್ಕೆ ಬೇಕಾದ ಸರಕು ಅಂತ ದಾಸ್ತಾನು ಮಾಡಿಟ್ಟಿತ್ತು! ಬಾತುಕೋಳಿ ಪುಕ್ಕ ರಾಷ್ಟ್ರರಕ್ಷಣೆಯ ವಿಷಯ ಆಗಿತ್ತು ಅಂದರೆ ಈಗ ನಗು ಬರಬಹುದು. ಹಿಮದಲ್ಲಿ ಮಲಗಬೇಕಾದ ಸಿಪಾಯಿಗೆ ಅದು ನಗುವ ವಿಷಯ ಆಗಿರಲಿಲ್ಲ.

ಇಲ್ಲಿಗೆ ಬಂದದ್ದು ಟೆರಿಲಿನ್. ಹೌದು, ನಮ್ಮ ಅಪ್ಪಂದಿರು ಇಸ್ತ್ರಿ ಬೇಡ ಅಂತ ಹೆಮ್ಮೆಯಿಂದ ಹಾಕಿಕೊಳ್ತಿದ್ದ ಅದೇ ಟೆರಿಲಿನ್. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋ ಇಬ್ಬರು ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ ಕೆಲಸದಲ್ಲಿದ್ದಾಗ ಕಂಡುಹಿಡಿದ ಪಾಲಿಯೆಸ್ಟರ್ ಎಳೆ. ಅಮೆರಿಕದ ಹಕ್ಕು ಕೊಂಡ ಡುಪಾಂಟ್ ಕಂಪನಿ ಅದಕ್ಕೆ ಡೇಕ್ರಾನ್ ಅಂತ ಹೆಸರಿಟ್ಟು 1953ರಲ್ಲಿ ದೊಡ್ಡ ಕಾರ್ಖಾನೆ ತೆರೆದದ್ದು ಇದೇ ನಾರ್ತ್ ಕ್ಯಾರೊಲಿನಾದ ಕಿನ್‌ಸ್ಟನ್ ಅನ್ನೋ ಊರಿನಲ್ಲಿ. ರಾಲಿ ನಗರದಿಂದ ಪೂರ್ವಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಹಾದಿ. ಸುತ್ತಮುತ್ತ ಹೊಗೆಸೊಪ್ಪಿನ ಹೊಲಗಳು. ಈ ಎಳೆಯ ದೊಡ್ಡ ಗುಣ ಏನು ಅಂದರೆ ನೀರು ಕುಡಿಯಲ್ಲ. ಒದ್ದೆಯಾದರೂ ಉಬ್ಬು ಬಿಡಲ್ಲ, ಹಿಂಡಿ ಕೊಡವಿದರೆ ಮತ್ತೆ ಕೆಲಸಕ್ಕೆ ತಯಾರು.

ಸೈನ್ಯ ಇದನ್ನ ಹಿಡಿದುಕೊಂಡಿತು. 1960ರ ದಶಕದಲ್ಲಿ ವಿಯೆಟ್ನಾಮ್ ಯುದ್ಧಕ್ಕೆ ಪೊಂಚೋ ಲೈನರ್ ಅನ್ನೋ ಹೊದಿಕೆ ಬಂತು. ಎರಡು ತೆಳು ನೈಲಾನ್ ಬಟ್ಟೆ, ನಡುವೆ ತೆಳು ಪಾಲಿಯೆಸ್ಟರ್, ಅಂಚಿನಲ್ಲಿ ಮಳೆ ಪೊಂಚೋಗೆ ಕಟ್ಟಲು ಲಾಡಿಗಳು. ಎಲ್ಲ ಸೇರಿ ಮುಕ್ಕಾಲು ಕಿಲೋ ಆಸುಪಾಸು. ಸಿಪಾಯಿಗಳಿಗೆ ಅದು ಎಷ್ಟು ಇಷ್ಟ ಅಂದರೆ ವೂಬಿ ಅಂತ ಮುದ್ದಿನ ಹೆಸರು ಬಂದು, ಇವತ್ತಿಗೂ ಸೈನ್ಯ ಬಿಟ್ಟವರ ಮನೆಯ ಸೋಫಾ ಮೇಲೆ ಅದು ಇರುತ್ತೆ. ಅದೇ ಕಾಡಿನ ಆ ಕಡೆ, ಹೋ ಚಿ ಮಿನ್ ಹಾದಿಯಲ್ಲಿ ನಡೆದು ಬರ್ತಿದ್ದ ಉತ್ತರ ವಿಯೆಟ್ನಾಮಿನ ಸೈನಿಕರು ಹ್ಯಾಮಕ್ ಹೊತ್ತುಕೊಂಡು ಮರಕ್ಕೆ ಕಟ್ಟಿ ಮಲಗ್ತಿದ್ದರು. ಒಂದು ಕಡೆಯವರ ಹಾಸಿಗೆ, ಇನ್ನೊಂದು ಕಡೆಯವರ ಹೊದಿಕೆ. ಎರಡನ್ನೂ ಸೇರಿಸಿದರೆ ನನ್ನ ಶನಿವಾರದ ಮೋಜು. ಇದನ್ನ ಯೋಚಿಸಿದಾಗ ಒಂಥರಾ ಕಸಿವಿಸಿ ಆಗುತ್ತೆ.

ಆ ಪೊಂಚೋ ಲೈನರಿನ ಮೈತುಂಬ ಹೊಲಿಗೆ ಇತ್ತು. ಇರಲೇಬೇಕಿತ್ತು. ಯಾಕೆಂದರೆ ಆಗಿನ ಪಾಲಿಯೆಸ್ಟರ್ ಒಳತುಂಬು ಸಾಮಾನ್ಯವಾಗಿ ತುಂಡು ಎಳೆಗಳದ್ದು. ಕಾರ್ಖಾನೆಯಲ್ಲಿ ಉದ್ದಕ್ಕೆ ಎಳೆದ ದಾರವನ್ನ ಹತ್ತಿಯ ಎಳೆಯಂತೆ ಇಂಚುಗಳ ಲೆಕ್ಕದಲ್ಲಿ ಕತ್ತರಿಸಿ, ಹಿಂಜಿ, ಹಾಳೆ ಮಾಡ್ತಿದ್ದರು. ತುಂಡಾದದ್ದು ಸರಿಯುತ್ತೆ, ಸರಿಯೋದನ್ನ ಹೊಲಿಗೆ ಹಿಡಿಯಬೇಕು. 1970ರ ದಶಕದಲ್ಲಿ ಡುಪಾಂಟಿನವರು ಎಳೆಯ ಒಳಗೆ ಕೊಳವೆಯ ಹಾಗೆ ತೂತು ಮಾಡಿ ಹಗುರ ಮಾಡಿದರು, ಆಮೇಲೆ ಒಂದರ ಬದಲು ನಾಲ್ಕು ತೂತು ಮಾಡಿದರು. ಆದರೂ ತುಂಡು ತುಂಡೇ.

ಅದೇ ದಶಕದಲ್ಲಿ ಸೆಲನೀಸ್ ಕಂಪನಿಯ ಪೋಲಾರ್‌ಗಾರ್ಡ್ ಬಂತು. ಅದರ ಹಿಂದಿನ ಯೋಚನೆ ಎಷ್ಟು ಸರಳ ಅಂದರೆ ನನಗೆ ಈಗಲೂ ಖುಷಿಯಾಗುತ್ತೆ. ಕತ್ತರಿಸಲೇಬೇಡಿ! ಕಾರ್ಖಾನೆಯಿಂದ ಹಗ್ಗದಂತೆ ಬರುವ ಸಾವಿರಾರು ಎಳೆಗಳ ಕಟ್ಟನ್ನ ಕಡಿಯದೆ, ಸುರುಳಿ ಸುಕ್ಕು ಹಿಡಿಸಿ, ಅಗಲಕ್ಕೆ ಹರಡಿ ಹಾಳೆ ಮಾಡಿ. ಒಂದೊಂದು ಎಳೆಯೂ ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಅಖಂಡ. ತುದಿಯೇ ಇಲ್ಲದ್ದು ಎಲ್ಲಿಗೆ ಅಂತ ಸರಿದೀತು? ಅಂಚಿನಲ್ಲಿ ಹಿಡಿದರೆ ಸಾಕು, ನಡುಭಾಗ ತಾನಾಗೇ ನಿಲ್ಲುತ್ತೆ. ನಡುವಿನ ಹೊಲಿಗೆ ಹೋದದ್ದು ಇಲ್ಲಿ. ಹೊಲಿಗೆ ಹೋದ ಕೂಡಲೇ ಚಳಿಯ ಗೆರೆಗಳೂ ಹೋದವು. ಪೋಲಾರ್‌ಗಾರ್ಡ್ ಹೆಸರು ಆಮೇಲೆ ಮಾರುಕಟ್ಟೆಯಿಂದ ಮರೆಯಾಯಿತು. ಈಗ ಮನೆಯಲ್ಲಿ ಹೊಲಿಯೋರು ಹೆಚ್ಚಾಗಿ ತರಿಸೋದು ಕ್ಲೈಮಾಶೀಲ್ಡ್ ಏಪೆಕ್ಸ್, ಅದೂ ಕಡಿಯದ ಎಳೆಯದ್ದೇ. (1980ರ ದಶಕದಲ್ಲಿ ಸೈನ್ಯ ಒದ್ದೆಯಾದರೂ ಕೆಲಸ ಮಾಡುವ ಡೌನ್ ಬೇಕು ಅಂತ ಕೇಳಿದ್ದಕ್ಕೆ ಆಲ್ಬನಿ ಇಂಟರ್‌ನ್ಯಾಷನಲ್ ಕಂಪನಿ ಮಾಡಿಕೊಟ್ಟ ಪ್ರೈಮಾಲಾಫ್ಟ್ ಇನ್ನೂ ಮೆತ್ತಗೆ, ಇನ್ನೂ ನವಿರು. ಆದರೆ ಆ ಮೊದಲ ಪ್ರೈಮಾಲಾಫ್ಟ್ ತುಂಡು ಎಳೆಗಳದ್ದು, ಹೊಲಿಗೆ ಕೇಳುವಂಥದ್ದು.)

ಇಷ್ಟೂ ಕಂಪನಿಗಳ, ಎಂಜಿನಿಯರುಗಳ ಕಥೆ ಆಯಿತು. ಹೊಲಿದವರು ಯಾರು? ಈ ವಿಷಯದಲ್ಲಿ ನನಗೊಂದು ತಕರಾರಿದೆ. ಚಾರಣದ ಸಾಮಾನುಗಳ ಇತಿಹಾಸ ಓದಿದರೆ ಬರೀ ಗಂಡಸರ ಹೆಸರು, ಪೇಟೆಂಟ್ ನಂಬರು. ಆದರೆ ಕೊಲೊರಾಡೋದ ಬೌಲ್ಡರ್ ಊರಿನಲ್ಲಿ ಹೊಲುಬಾರ್ ಅನ್ನೋ ಹೆಸರಾದ ಅಂಗಡಿ ಶುರುವಾದದ್ದು ದಂಪತಿಗಳ ಮನೆಯ ನೆಲಮಾಳಿಗೆಯಲ್ಲಿ. ಗಂಡ ರಾಯ್ ಯೂನಿವರ್ಸಿಟಿಯಲ್ಲಿ ಗಣಿತದ ಮೇಷ್ಟ್ರು. ಸ್ಲೀಪಿಂಗ್ ಬ್ಯಾಗು, ಟೆಂಟು ಹೊಲೀತಿದ್ದದ್ದು ಹೆಂಡತಿ ಆಲಿಸ್. 1966ರಲ್ಲಿ ಅದೇ ಕೊಲೊರಾಡೋದಲ್ಲಿ ಡೇಲ್ ಜಾನ್ಸನ್ ಅನ್ನೋರು ಫ್ರಾಸ್ಟ್‌ಲೈನ್ ಅಂತ ಶುರು ಮಾಡಿದರು. ಬಟ್ಟೆ ಕತ್ತರಿಸಿ, ದಾರ, ಜಿಪ್ಪು, ಅಳೆದ ಡೌನ್ ಪೊಟ್ಟಣ, ಹೇಗೆ ಹೊಲಿಯಬೇಕು ಅನ್ನೋ ಪುಸ್ತಿಕೆ ಎಲ್ಲ ಒಂದು ಡಬ್ಬಿಯಲ್ಲಿ ಅಂಚೆಯಲ್ಲಿ ಬರ್ತಿತ್ತು. ಮನೆಯಲ್ಲಿ ಮಶೀನು ಇದ್ದರೆ ಅಂಗಡಿ ಬೆಲೆಗಿಂತ ಬಹಳ ಕಡಿಮೆಗೆ ಜಾಕೆಟ್ಟು ತಯಾರು. ಹೊಲುಬಾರಿನವರೂ ಅಂಥ ಕಿಟ್ ಮಾರಿದರು. 1970ರ ದಶಕದ ಅಮೆರಿಕದಲ್ಲಿ ಅದೊಂದು ಅಲೆ. ಆ ಡಬ್ಬಿ ಅಷ್ಟು ಮಾರಾಟ ಆಗಿದ್ದು ಯಾಕೆ? ಆಗ ಪ್ರತಿ ಮನೆಯಲ್ಲೂ ಹೊಲಿಗೆ ಬರುವ ಒಬ್ಬರು ಇದ್ದರು, ಅದಕ್ಕೆ. ಹೊರದೇಶದಲ್ಲಿ ಅಗ್ಗದ ಕೂಲಿಗೆ ಹೊಲಿದ ಜಾಕೆಟ್ಟುಗಳು ಬಂದ ಮೇಲೆ ಆ ಲೆಕ್ಕಾಚಾರ ತಲೆಕೆಳಗಾಯಿತು, ಡಬ್ಬಿಗಳು ಮಾಯವಾದವು. ಇಲ್ಲಿನ ಹೊಲಿಗೆಯ ಕೈಗಳೂ ಕ್ರಮೇಣ ಮಾಯ.

ಆ ಅಜ್ಜಿಯ ಕಥೆ ಹೇಳ್ತೀನಿ ಅಂದಿದ್ನಲ್ಲ. ಎಮ್ಮಾ ಗೇಟ್‌ವುಡ್. ಒಹಾಯೋದ ರೈತ ಹೆಂಗಸು, ಹನ್ನೊಂದು ಮಕ್ಕಳ ತಾಯಿ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಪಲೇಚಿಯನ್ ಟ್ರೇಲ್ ಬಗ್ಗೆ ಓದಿ, 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ ಸುಮಾರು 3,300 ಕಿಲೋಮೀಟರ್ ಒಬ್ಬರೇ ನಡೆದರು. ಮೇ ತಿಂಗಳಲ್ಲಿ ಹೊರಟು ಸೆಪ್ಟೆಂಬರ್ 25ಕ್ಕೆ ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ. ಹೆಗಲಿಗೆ ತಾವೇ ಡೆನಿಮ್ ಬಟ್ಟೆಯಲ್ಲಿ ಹೊಲಿದ ಚೀಲ. ಅದರಲ್ಲಿ ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಸ್ಲೀಪಿಂಗ್ ಬ್ಯಾಗೂ ಇಲ್ಲ, ಟೆಂಟೂ ಇಲ್ಲ. ಹಗುರವಾಗಿ ನಡೆಯೋದನ್ನ ಆಮೇಲೆ ಬಂದವರು ದೊಡ್ಡ ಸಿದ್ಧಾಂತ ಮಾಡಿದರು. ಅವರು ಮಾಡಿ ತೋರಿಸಿ ಮನೆಗೆ ಹೋಗಿದ್ದರು. ಮನೆಗೆ ಅಂದರೆ ತಪ್ಪಾದೀತು, ಆಮೇಲೂ ಆ ದಾರಿಯನ್ನ ಇನ್ನೆರಡು ಸಲ ಪೂರ್ತಿ ಮಾಡಿದರು :-)

ಸಿದ್ಧಾಂತ ಮಾಡಿದವರು ರೇ ಜಾರ್ಡಿನ್. ಮೊದಲು ವಿಮಾನ ಮತ್ತು ಬಾಹ್ಯಾಕಾಶ ಕ್ಷೇತ್ರದ ಎಂಜಿನಿಯರ್, ಆಮೇಲೆ ಬಂಡೆ ಹತ್ತುವವರು. ಬಂಡೆಯ ಬಿರುಕಿಗೆ ಸಿಕ್ಕಿಸುವ ಫ್ರೆಂಡ್ ಅನ್ನೋ ಸ್ಪ್ರಿಂಗ್ ಸಲಕರಣೆ ಅವರದ್ದೇ. ಹೆಂಡತಿ ಜೆನ್ನಿ ಜೊತೆ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗಿನ ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನ ನಡೆದು, 1992ರಲ್ಲಿ ಒಂದು ಕೈಪಿಡಿ ಬರೆದರು. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ದಂಡ ಅಂತ ಮೇಲೆ ಬರೆದೆನಲ್ಲ, ಅದನ್ನ ಚಾರಣಿಗರ ತಲೆಗೆ ಹೊಕ್ಕಿಸಿದ್ದು ಅವರೇ. ಕೆಳಭಾಗ ಕತ್ತರಿಸಿ ಬಿಸಾಕಿ, ಜಿಪ್ಪು ಕಿತ್ತು ಬಿಸಾಕಿ, ಉಳಿದದ್ದೇ ಕ್ವಿಲ್ಟ್. ಗಂಡ ಹೆಂಡತಿ ಇಬ್ಬರೂ ತಾವೇ ಹೊಲಿದ ಒಂದೇ ಕ್ವಿಲ್ಟಿನಡಿ ಮಲಗಿ ಸಾವಿರಾರು ಮೈಲಿ ನಡೆದರು. ಆಮೇಲೆ ಪಾಲಿಯೆಸ್ಟರ್ ಒಳತುಂಬಿನ ಕ್ವಿಲ್ಟಿನ ಕಿಟ್ಟನ್ನೂ ಮಾರಿದರು. ಫ್ರಾಸ್ಟ್‌ಲೈನ್ ಡಬ್ಬಿ ಮತ್ತೆ ಹುಟ್ಟಿ ಬಂದ ಹಾಗೆ.

ಇದೇ ಹೊತ್ತಿಗೆ, 1990ರ ದಶಕದ ಕೊನೆಯಿಂದ, ಹ್ಯಾಮಕ್ ಕೂಡ ಚಾರಣಕ್ಕೆ ಬಂತು. ಅಪಲೇಚಿಯನ್ ಕಾಡಿನಲ್ಲಿ ಮಟ್ಟಸ ನೆಲ ಕಡಿಮೆ, ಮರಕ್ಕೆ ಬರ ಇಲ್ಲ. ಎಡ್ ಸ್ಪಿಯರ್ ಅನ್ನೋರು 2003ರಲ್ಲಿ ಹ್ಯಾಮಕ್ ಕ್ಯಾಂಪಿಂಗ್ ಬಗ್ಗೆಯೇ ಒಂದು ಪುಸ್ತಕ ತಂದರು. ಹ್ಯಾಮಕ್ಕಿನೊಳಗೆ ಸ್ಲೀಪಿಂಗ್ ಬ್ಯಾಗಿನಲ್ಲಿ ತೂರಿಕೊಳ್ಳೋದು ಅಂದರೆ ಜೋಲಿಯೊಳಗೆ ಕೂತು ಪ್ಯಾಂಟು ಹಾಕಿಕೊಂಡಷ್ಟು ಕಷ್ಟ, ಹಾಗಾಗಿ ಕ್ವಿಲ್ಟ್ ಅವರಿಗೆ ಹೇಳಿ ಮಾಡಿಸಿದ ಹಾಗಾಯಿತು.

ನಾನು ಹೊಲಿದದ್ದು ಹೀಗೆ. ಹೊರಗಿನ ಬಟ್ಟೆ 20 ಡೆನಿಯರ್ ರಿಪ್‌ಸ್ಟಾಪ್ ನೈಲಾನ್. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತು ಪ್ಯಾರಾಚೂಟಿಗೆ ಅಂತ ಹುಟ್ಟಿದ ಬಟ್ಟೆ ಇದು, ನಡುನಡುವೆ ದಪ್ಪ ಎಳೆ ಹಾಕಿ ನೇಯ್ದದ್ದರಿಂದ ಒಂದು ಕಡೆ ಹರಿದರೆ ಅಲ್ಲೇ ನಿಲ್ಲುತ್ತೆ. ಒಳಗೆ ಚದರ ಮೀಟರಿಗೆ 170 ಗ್ರಾಂ ತೂಗುವ ಏಪೆಕ್ಸ್. ಸೊನ್ನೆ ಡಿಗ್ರಿ ಹತ್ತಿರದವರೆಗೆ ಸಾಕು ಅಂತ ಹೊಲಿಯೋರ ಲೆಕ್ಕ. ಹೆಗಲ ಕಡೆ ಅಗಲ, ಕಾಲ ಕಡೆ ಕಿರಿದು, ಒಟ್ಟು 2.4 ಚದರ ಮೀಟರ್. ಎರಡು ಬಟ್ಟೆಯ ಒಳ್ಳೆಯ ಮುಖ ಎದುರುಬದುರಾಗಿಟ್ಟು, ಅದರ ಮೇಲೆ ಒಳತುಂಬು ಹಾಸಿ, ಅಂಚಿಗೆ ಕ್ಲಿಪ್ ಹಾಕಿದೆ. ಗುಂಡುಸೂಜಿ ಚುಚ್ಚಿದರೆ ಈ ಬಟ್ಟೆಗೆ ತೂತು ಉಳಿಯುತ್ತೆ. ದಾರ ಪಾಲಿಯೆಸ್ಟರಿನದ್ದೇ ಆಗಬೇಕು, ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತೆ. ಎಳೆಗಳು ಮಶೀನಿನ ಪಾದಕ್ಕೆ ಸಿಕ್ಕಿಕೊಳ್ಳದಂತೆ ನಡುವೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದೆ. ಒಂದು ಮೊಳ ಬಾಯಿ ಬಿಟ್ಟು ಸುತ್ತ ಹೊಲಿದು, ಆ ಬಾಯಿಯಿಂದ ಇಡೀ ಕ್ವಿಲ್ಟನ್ನ ಒಳಗಿನದು ಹೊರಗೆ ಬರುವ ಹಾಗೆ ಮಗುಚಬೇಕು. ಆ ಒಂದು ನಿಮಿಷದಲ್ಲಿ ಸಪ್ಪೆ ಹಾಳೆ ಒಮ್ಮೆಲೇ ಉಬ್ಬಿ ಹೊದಿಕೆಯಾಗುತ್ತೆ. ಇಷ್ಟೂ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಅದು. ಆಮೇಲೆ ಬಾಯಿ ಮುಚ್ಚಿ, ಅಂಚಿನ ಒಳಗೆ ಬೆರಳಗಲ ಬಿಟ್ಟು ಇನ್ನೊಂದು ಸುತ್ತು ಹೊಲಿಗೆ. ಕಾಲಿನ ಕಡೆ ಅರ್ಧ ಮೀಟರ್ ಕೊಳವೆಯಂತೆ ಜೋಡಿಸಿ ತುದಿಗೆ ಪೈಜಾಮದ ಹಾಗೆ ಲಾಡಿ. ಎರಡು ದಿನದ ಕೆಲಸ, ತೂಕ 620 ಗ್ರಾಂ.

ಪಿಸ್ಗಾ ಕಾಡಿನಲ್ಲಿ 4 ಡಿಗ್ರಿಯ ಒಂದು ರಾತ್ರಿ ಅದರಡಿ ಮಲಗಿದೆ, ಬೆನ್ನಿನ ಕೆಳಗೆ ಫೋಮ್ ಹಾಳೆ. ನಡುರಾತ್ರಿ ಮಂಜು ಕವಿದು ಮೇಲಿನ ಬಟ್ಟೆ ಒದ್ದೆಯಾಯಿತು, ಒಳಗೆ ಬೆಚ್ಚಗೇ ಇತ್ತು. ಕೆಳಗಿನ ಕ್ವಿಲ್ಟ್ ಮುಂದಿನ ಕೆಲಸ.

ಪಾಲಿಯೆಸ್ಟರ್ ಹೊಗಳಿದ್ದು ಜಾಸ್ತಿಯಾಯಿತೇನೋ. ಅಷ್ಟೇ ಬಿಸಿಗೆ ಡೌನ್ ಇದಕ್ಕಿಂತ ಹಗುರ. ಇದನ್ನ ಮತ್ತೆ ಮತ್ತೆ ಮುದುರಿ ಚೀಲಕ್ಕೆ ತುರುಕಿದರೆ ಕೆಲವು ವರ್ಷಗಳಲ್ಲಿ ಎಳೆಗಳು ಸೋತು ಚಪ್ಪಟೆಯಾಗ್ತವೆ. ಸೋತ ಮೇಲೆ ರಿಪೇರಿ ಅಂತ ಇಲ್ಲ, ಮಣ್ಣಿಗೆ ಹಾಕಿದರೆ ಕೊಳೆಯೋದೂ ಇಲ್ಲ. ಕೌದಿ ಹಾಗಲ್ಲ. ಅಜ್ಜಿಯ ಕೌದಿ ಸವೆದಾಗ ಅಮ್ಮನ ಒಂದು ಸೀರೆ ಅದರ ಮೇಲೆ ಬಂತು, ಅದೂ ಸವೆದಾಗ ಇನ್ನೊಂದು. ಪ್ರತಿ ಸಲವೂ ಮೈತುಂಬ ಹೊಸ ಹೊಲಿಗೆ. ನಡುವೆ ಹೊಲಿಗೆಯೇ ಇಲ್ಲದ ಹೊದಿಕೆಗೆ ಇನ್ನೊಂದು ಪದರ ಸೇರಿಸೋದು ಹೇಗೆ? ನನಗೆ ದಾರಿ ಕಂಡಿಲ್ಲ.

ಹೊಲಿಗೆಯ ಕೊನೆಯ ಕೆಲಸ ಮೂಲೆಗಳದ್ದು. ಹ್ಯಾಮಕ್ಕಿಗೆ ಸಿಕ್ಕಿಸುವ ದಾರದ ಕುಣಿಕೆ ಅಲ್ಲೇ ಬರೋದರಿಂದ ಎಳೆತವೆಲ್ಲ ಆ ನಾಲ್ಕು ಮೂಲೆಗೆ. ಬರೀ ಬಟ್ಟೆ ತಡೆಯಲ್ಲ. ಉಳಿದ ನೈಲಾನಿನಲ್ಲಿ ನಾಲ್ಕು ಚೌಕ ಕತ್ತರಿಸಿ, ತ್ರಿಕೋನವಾಗಿ ಮಡಚಿ, ಮಡಿಕೆಯ ಕಡೆ ಒಳಗೆ ಬರುವ ಹಾಗೆ ಇಟ್ಟು ಎರಡೆರಡು ಸಾಲು ಹೊಲಿದೆ. ಹಸಿರು ಕ್ವಿಲ್ಟಿಗೆ ಕಿತ್ತಳೆ ಬಣ್ಣದ ಮೂಲೆ, ಮನೆಯಲ್ಲಿ ಬೇರೆ ಬಣ್ಣದ ತುಂಡು ಇರಲಿಲ್ಲ.